ಗುಡ್ಡವೇ ಕಾರ್ಖಾನೆಯಾದ ಊರಿನಲ್ಲಿ ಹೊರಗಿನ ಪಾಠ

ಮಕ್ಕಳನ್ನು ತರಗತಿಯ ಹೊರಗೆ ಕರೆದೊಯ್ದು ಕಲಿಸುವ ಪದ್ಧತಿ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಹೊಸದಲ್ಲ. ಆದರೆ ಅದು ಎರಡು ಬೇರೆ ಬೇರೆ ಜಾಡುಗಳಲ್ಲಿ ನಡೆದುಬಂದಿದೆ. ಒಂದು ಪ್ರಕೃತಿ ವೀಕ್ಷಣೆ: ಮಳೆ ಬಿಡುವು ಕೊಟ್ಟಾಗ ಶಾಲೆಯ ಹಿಂದಿನ ಗುಡ್ಡಕ್ಕೋ ನಾಗಬನದ ಅಂಚಿಗೋ ಹೋಗಿ, ಗಿಡಗಳ ಹೆಸರು ಬರೆದುಕೊಂಡು, ನಾಲ್ಕಾರು ಎಲೆಗಳನ್ನು ಪುಸ್ತಕದ ನಡುವೆ ಒತ್ತಿಟ್ಟು ಮರಳುವುದು. ಇನ್ನೊಂದು ಅಧ್ಯಯನ ಪ್ರವಾಸ: ಬಸ್ಸು ಹತ್ತಿ ಮಂಗಳೂರಿಗೋ ಕಣ್ಣೂರಿಗೋ ಹೋಗಿ, ಬಂದರನ್ನೂ ಯಾವುದಾದರೊಂದು ಕಾರ್ಖಾನೆಯನ್ನೂ ನೋಡಿ, ಕತ್ತಲಾಗುವಾಗ ಊರು ಸೇರುವುದು. ಮೊದಲನೆಯದು ವಿಜ್ಞಾನದ ಅಧ್ಯಾಪಕರ ಪಾಲು, ಎರಡನೆಯದು ಸಮಾಜ ವಿಜ್ಞಾನದವರದು. ಹಸಿರಾಗಿ ಕಂಡದ್ದೆಲ್ಲ ನಿಸರ್ಗ, ಗೋಡೆ ಕಟ್ಟಿ ಯಂತ್ರ ಇರಿಸಿದ್ದು ಉದ್ಯಮ ಎಂಬ ತಿಳಿವಳಿಕೆಯೇ ಈ ಹಂಚಿಕೆಯ ತಳಹದಿ. ಕಾಸರಗೋಡಿನ ಮಟ್ಟಿಗೆ ಆ ತಿಳಿವಳಿಕೆ ತಪ್ಪು. ಈ ನೆಲದಲ್ಲಿ ಉದ್ಯಮದ ಚರಿತ್ರೆಯ ಬಹುಪಾಲು ಗುಡ್ಡದ ಮೇಲೆ ಮತ್ತು ಗುಡ್ಡದ ಒಳಗೆ ನಡೆದಿದೆ. ಅದನ್ನು ಕಾಣದ ಪ್ರಕೃತಿ ವೀಕ್ಷಣೆ ಕುರುಡು. ಅದನ್ನು ಹುಡುಕಿಕೊಂಡು ಬೇರೆ ಊರಿಗೆ ಹೋಗುವ ಪ್ರವಾಸವಂತೂ ವ್ಯರ್ಥ.

ಗಡಿಯಾಚೆಯ ಇತರ ಕನ್ನಡ ನೆಲೆಗಳ ಸ್ಥಿತಿ ಒಂದೇ ತೆರನಾಗಿಲ್ಲ. ಸೋಲಾಪುರದಲ್ಲಿ 1870ರ ದಶಕದಿಂದ ತಲೆಯೆತ್ತಿದ ಬಟ್ಟೆ ಗಿರಣಿಗಳಿಗೆ ಒಂದು ಮುಖವಿತ್ತು. ಚಿಮಣಿ, ಭೋಂಗಾ, ಪಾಳಿ, ಚಾಳು ಎಲ್ಲವೂ ಕಣ್ಣಿಗೆ ಕಾಣುವಂಥವು, ಕಿವಿಗೆ ಕೇಳುವಂಥವು. ಗಿರಣಿ ಮುಚ್ಚಿದ ಮೇಲೂ ಬೆರಳು ತೋರಿಸಿ ಇಲ್ಲಿತ್ತು ಎನ್ನುವುದಕ್ಕೆ ಜಾಗ ಉಳಿದಿದೆ. ನೀಲಗಿರಿಯಲ್ಲಿ ಮಾತ್ರ ಕಾಸರಗೋಡಿಗೆ ಹತ್ತಿರವಾದ ತೊಡಕು ಕಾಣುತ್ತದೆ. ಅಲ್ಲಿನ ಚಹಾದ ಇಳಿಜಾರನ್ನು ಪ್ರವಾಸಿಗರು ನಿಸರ್ಗವೆಂದೇ ಚಿತ್ರ ತೆಗೆದುಕೊಳ್ಳುತ್ತಾರೆ. ಆಸ್ಟ್ರೇಲಿಯದಿಂದ ಬಂದ ಮರವೊಂದಕ್ಕೆ ಕನ್ನಡದಲ್ಲಿ ನೀಲಗಿರಿ ಎಂದೇ ಹೆಸರಾಗಿ, ನೆಟ್ಟ ಮರ ತಾನು ನಿಂತ ಬೆಟ್ಟದ ಹೆಸರನ್ನೇ ಹೊತ್ತುಕೊಂಡಿರುವುದು ಈ ತೊಡಕಿನ ಆಳವನ್ನು ಸೂಚಿಸುತ್ತದೆ. ಕಾಸರಗೋಡಿನಲ್ಲಿ ಚಿಮಣಿ ವಿರಳ. ಆದುದರಿಂದ ಈ ಜಿಲ್ಲೆಗೆ ಉದ್ಯಮದ ಇತಿಹಾಸವೇ ಇಲ್ಲವೆಂಬ ಭಾವನೆ ಶಾಲೆಗಳಲ್ಲಿಯೂ ಬೇರೂರಿದೆ.

ಈ ಭಾವನೆಯನ್ನು ಅಲುಗಿಸಲು ಮಕ್ಕಳ ಕಾಲಡಿಯ ಕಲ್ಲೊಂದು ಸಾಕು. ಕರಾವಳಿಯ ಗುಡ್ಡಗಳ ಕೆಂಪುಕಲ್ಲಿಗೆ ವಿಜ್ಞಾನ ಲ್ಯಾಟರೈಟ್ ಎಂದು ಹೆಸರಿಟ್ಟಿದೆ. ಆ ಹೆಸರನ್ನು ಚಾಲ್ತಿಗೆ ತಂದವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮಲಬಾರಿನ ಅಂಗಾಡಿಪುರಂ ಬಳಿ ಜನರು ಈ ಕಲ್ಲನ್ನು ಕಡಿದು ಗೋಡೆ ಕಟ್ಟುವುದರ ವರ್ಣನೆಯಿದೆ. ಅಗೆದಾಗ ಮೆತ್ತಗಿದ್ದು ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುವ, ಇಟ್ಟಿಗೆಯಂತೆ ಕತ್ತರಿಸಬಲ್ಲ ಈ ವಸ್ತುವಿಗೆ ಅವನು ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹೆಸರು ಕಟ್ಟಿದ. ಅದೇ ಪ್ರವಾಸದ ಮುಂದಿನ ಹಾದಿ ಅವನನ್ನು ಚಂದ್ರಗಿರಿ ಹೊಳೆ ದಾಟಿಸಿ ತುಳುನಾಡಿಗೆ ತಂದಿತು. ಭೂವಿಜ್ಞಾನದ ಜಾಗತಿಕ ಪರಿಭಾಷೆಯೊಂದು ಹುಟ್ಟಿದ್ದು ಹೀಗೆ, ಕಲ್ಲು ಕಡಿಯುವವರ ಕೆಲಸವನ್ನು ಕಂಡು. ಕನ್ನಡ ಪಠ್ಯಗಳು ಬಳಸುವ ಜಂಬಿಟ್ಟಿಗೆ ಎಂಬ ಶಬ್ದದಲ್ಲಿಯೂ ಇಟ್ಟಿಗೆಯೇ ಅಡಗಿದೆ. ಮಕ್ಕಳ ಮನೆಮಾತಿನಲ್ಲಿ ಇದು ಮುರಕಲ್ಲು. ಮಲಯಾಳದಲ್ಲಿ ಚೆಂಗಲ್ಲು, ಕೆಲವೆಡೆ ವೆಟ್ಟುಕಲ್ಲು, ಅಂದರೆ ಕಡಿದ ಕಲ್ಲು. ಈ ನಾಲ್ಕು ಶಬ್ದಗಳನ್ನು ಒಂದೇ ಕೋರೆಯ ಅಂಚಿನಲ್ಲಿ ನಿಂತು ಹೇಳಿಸಿದರೆ ಭೂಗೋಳ, ಭಾಷೆ, ದುಡಿಮೆ ಮೂರೂ ಒಟ್ಟಿಗೆ ಮಾತಾಡುತ್ತವೆ. ಪಠ್ಯದಲ್ಲಿ ಮಾತ್ರ ಜಂಬಿಟ್ಟಿಗೆ ಮಣ್ಣಿನ ಬಗೆಗಳ ಪಟ್ಟಿಯಲ್ಲಿ ಮೂರನೆಯದೋ ನಾಲ್ಕನೆಯದೋ ಆಗಿ ಕುಳಿತಿರುತ್ತದೆ. ಆ ಪಟ್ಟಿಯನ್ನು ಬಾಯಿಪಾಠ ಮಾಡುತ್ತಿರುವ ಮಗು ಕುಳಿತಿರುವ ಗೋಡೆಯೂ ಅದೇ ಕಲ್ಲಿನದು ಎಂಬುದು ಪರೀಕ್ಷೆಗೆ ಬರುವುದಿಲ್ಲ.

ಕಲ್ಲಿನಿಂದ ನೀರಿಗೆ ಹೋಗುವ ದಾರಿಯೂ ಗುಡ್ಡದೊಳಗಿನದೇ. ಎಣ್ಮಕಜೆ, ಬಾಯಾರು, ಪೈವಳಿಕೆಯಂಥ ಊರುಗಳಲ್ಲಿ, ಗಡಿಯ ಈಚೆ ಬಂಟ್ವಾಳ ತಾಲೂಕಿನ ಮಾಣಿಲ, ಕೇಪು ಕಡೆಗಳಲ್ಲಿ, ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳು ಸಾವಿರಾರು ಸಂಖ್ಯೆಯಲ್ಲಿವೆ. ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಉದ್ದ ಕೆಲವೆಡೆ ಹತ್ತಾರು ಮೀಟರು, ಕೆಲವೆಡೆ ನೂರಾರು ಮೀಟರು. ಪಿಕಾಸಿಯಿಂದ ಅಗೆದ ಮಣ್ಣನ್ನು ಹೊರಗೆ ಹೊತ್ತು ಹಾಕುತ್ತ, ದೀಪದ ಕುಡಿ ಮಂಕಾದರೆ ಉಸಿರು ಕಡಿಮೆಯಾಯಿತೆಂದು ಹಿಂದೆ ಸರಿಯುತ್ತ, ಒರತೆ ಸಿಗುವವರೆಗೆ ಕೊರೆಯುವುದು ಒಂದು ಕಸುಬಾಗಿತ್ತು. ಸಿಕ್ಕಿದ ನೀರು ಪಂಪು, ವಿದ್ಯುತ್ತು ಯಾವುದರ ಹಂಗೂ ಇಲ್ಲದೆ ತನ್ನ ಭಾರಕ್ಕೆ ತಾನೇ ಹರಿದು ಬರುತ್ತದೆ. ಸೀಳಿದ ಅಡಿಕೆ ಮರದ ದಂಬೆಯಲ್ಲಿ ಅದನ್ನು ಅಂಗಳದ ತೊಟ್ಟಿಗೋ ತೋಟದ ಕೆರೆಗೋ ತಿರುಗಿಸಿಕೊಳ್ಳುತ್ತಿದ್ದರು. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಕೊರೆದ ಹಲವು ಸುರಂಗಗಳು ಬರಿದಾದ ಮೇಲೆಯೂ ಬಿಡದೆ ನೀರು ಕಂಡು, ಬೋಳುಗುಡ್ಡವನ್ನು ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಪಡೆದ ಬಳಿಕ ಸುರಂಗದ ಹೆಸರು ದೂರದವರ ಕಿವಿಗೂ ಬಿತ್ತು.

ಈ ಪ್ರಸಿದ್ಧಿಯ ಬೆನ್ನಲ್ಲೇ ಒಂದು ಅಪಾಯವಿದೆ. ಪ್ರಶಸ್ತಿಯ ಕಥೆಯಾಗಿ ಶಾಲೆಯೊಳಗೆ ಬಂದ ಸುರಂಗ ಒಬ್ಬ ವ್ಯಕ್ತಿಯ ಛಲದ ಕಥೆಯಾಗಿಯೇ ಉಳಿಯುತ್ತದೆ. ಯಾವ ಗುಡ್ಡದಲ್ಲಿ ಎಲ್ಲಿ ಕೊರೆಯಬೇಕೆಂದು ಮರಗಳನ್ನೂ ಹುತ್ತಗಳನ್ನೂ ನೋಡಿ ನಿರ್ಧರಿಸುತ್ತಿದ್ದ ತಿಳಿವಳಿಕೆ, ಕೂಲಿಗೆ ಕೊರೆದವರ ಮತ್ತು ಕೊರೆಸಿದವರ ಸಂಬಂಧ, ಬೋರ್‌ವೆಲ್ಲಿನ ಲಾರಿ ಬಂದ ವರ್ಷ, ಆಮೇಲೆ ನೀರು ಎಷ್ಟು ಇಳಿಯಿತು ಎಂಬ ಲೆಕ್ಕ ಇವೆಲ್ಲ ಆ ಕಥೆಯ ಹೊರಗೆ ನಿಲ್ಲುತ್ತವೆ. ಅಸಲಿಗೆ ಪಾಠ ಇರುವುದು ಅಲ್ಲಿ. ಸುರಂಗ ನಿಸರ್ಗವೂ ಅಲ್ಲ, ಕಾರ್ಖಾನೆಯೂ ಅಲ್ಲ. ಮಳೆ, ಕಲ್ಲು, ಕಸುಬು, ಕೃಷಿ ನಾಲ್ಕೂ ಸೇರಿದ ನಿರ್ಮಾಣ. ಅದನ್ನು ವಿಜ್ಞಾನ ಎನ್ನಬೇಕೋ ಸಮಾಜ ವಿಜ್ಞಾನ ಎನ್ನಬೇಕೋ ಎಂದು ವೇಳಾಪಟ್ಟಿ ಕೇಳಿದರೆ ಉತ್ತರವಿಲ್ಲ. ಆ ಕಾರಣಕ್ಕೇ ಅದು ಎರಡೂ ಪುಸ್ತಕಗಳಿಂದ ಜಾರಿಹೋಗುತ್ತದೆ.

ಹೊರಗಿನ ಕಲಿಕೆಯ ಕನಸು ಕನ್ನಡಕ್ಕೆ ಎರವಲು ಬಂದದ್ದಲ್ಲ. ಕಾಸರಗೋಡಿಗೆ ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದ ಪ್ರಯೋಗ ನಡೆಸಿದರು. 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಒಬ್ಬರೇ ಬರೆದು ಕೊಟ್ಟರು. ಆ ಸಾಹಸದ ಬೆಲೆ ಎಷ್ಟು ಹೇಳಿದರೂ ಕಡಿಮೆಯೇ. ಆದರೆ ವಿಶ್ವಕೋಶದ ಸ್ವಭಾವವೇ ಎಲ್ಲೆಡೆಗೂ ಸಲ್ಲುವುದನ್ನು ಹೇಳುವುದು. ಮಗುವಿಗೆ ಜಗತ್ತನ್ನು ಕೊಡುವ ಪುಸ್ತಕ ಅದರ ಮನೆಯ ಹಿಂದಿನ ಗುಡ್ಡವನ್ನು ಕೊಡಲಾರದು. ಆ ಗುಡ್ಡವನ್ನು ಕಾರಂತರು ಕೊಟ್ಟಿದ್ದಾರೆ, ಮಕ್ಕಳ ಪುಸ್ತಕಗಳಲ್ಲಲ್ಲ, ಕಾದಂಬರಿಗಳಲ್ಲಿ. 1933ರ ‘ಚೋಮನ ದುಡಿ’ಯಲ್ಲಿ ಘಟ್ಟದ ಮೇಲಿನ ಕಾಫಿ ತೋಟ ನಿಸರ್ಗದೃಶ್ಯವಾಗಿ ಎಂದೂ ಬರುವುದಿಲ್ಲ. ಸಾಲದ ಲೆಕ್ಕ, ಮೇಸ್ತ್ರಿ, ಜ್ವರ, ಸಾವು ಇವುಗಳ ಸ್ಥಳವಾಗಿಯೇ ಅದು ಬರುತ್ತದೆ. ಹಸಿರು ಗುಡ್ಡವೊಂದು ದುಡಿಮೆಯ ಕಾರ್ಖಾನೆಯಾಗಿರಬಲ್ಲದು ಎಂಬ ಅರಿವನ್ನು ಅಷ್ಟು ನಿಷ್ಠುರವಾಗಿ ಹೇಳಿದ ಕೃತಿ ಕನ್ನಡದಲ್ಲಿ ಅದಕ್ಕಿಂತ ಮೊದಲು ಸಿಗುವುದು ಕಷ್ಟ. ‘ಬೆಟ್ಟದ ಜೀವ’ದ ಗೋಪಾಲಯ್ಯನ ಅಡಿಕೆ ತೋಟವೂ ಕಾಡಿನೊಡನೆ ಹೋರಾಡಿ ಪಡೆದದ್ದೇ. ಆದರೆ ಅಲ್ಲಿ ಬೆವರಿಗೆ ಮಾಲೀಕನ ಹೆಮ್ಮೆಯ ಬಣ್ಣವಿದೆ.

ತೇಜಸ್ವಿಯವರ ಓದುಗರಲ್ಲಿಯೂ ಇಂಥದೇ ಮರೆವು ಕಾಣುತ್ತದೆ. ‘ಕರ್ವಾಲೊ’ವನ್ನು ಪಾಠವಾಗಿ ಓದಿದ ಮಕ್ಕಳಿಗೆ ಹಾರುವ ಓತಿ ನೆನಪಿರುತ್ತದೆ. ಓತಿಯವರೆಗೆ ವಿಜ್ಞಾನಿಯನ್ನು ಕರೆದೊಯ್ಯುವವನು ಜೇನು ಸಾಕುವ ಮಂದಣ್ಣ ಎಂಬುದು, ಕಾಡಿನ ಅರಿವು ಅವನಿಗೆ ಕಸುಬಿನ ಮೂಲಕ ಬಂದದ್ದು ಎಂಬುದು ಅಷ್ಟಾಗಿ ಉಳಿಯುವುದಿಲ್ಲ. ‘ಪರಿಸರದ ಕತೆ’ಯಿಂದ ಶಾಲೆಗಳು ಎತ್ತಿಕೊಂಡದ್ದು ಬೆರಗನ್ನು. ಆ ಬೆರಗಿನ ಹಿಂದೆ ಇದ್ದ ಗದ್ದೆ, ತೋಟ, ರಿಪೇರಿ, ಆಳುಕಾಳುಗಳ ಲೋಕವನ್ನು ಬಿಟ್ಟವು. ದೋಷ ಬರಹಗಾರರದಲ್ಲ. ಬರಹದಿಂದ ಎಲೆಯನ್ನು ಕಿತ್ತುಕೊಂಡು ಬೇರನ್ನು ಬಿಟ್ಟ ಓದಿನದು. ಪ್ರಕೃತಿ ವೀಕ್ಷಣೆಗೆ ಹೊರಟ ಮಗುವಿನ ಪಟ್ಟಿಯಲ್ಲಿ ಇಪ್ಪತ್ತು ಗಿಡಗಳ ಹೆಸರಿದ್ದು, ಅವುಗಳಲ್ಲಿ ಯಾವುದನ್ನು ಯಾರು ನೆಟ್ಟರು ಎಂಬ ಒಂದು ಸಾಲೂ ಇಲ್ಲದಿರುವುದು ಆ ಓದಿನ ಮುಂದುವರಿಕೆ.

ಯಾರು ನೆಟ್ಟರು ಎಂಬ ಪ್ರಶ್ನೆ ಕಾಸರಗೋಡಿನಲ್ಲಿ ಕುತೂಹಲಕ್ಕೆ ಕೇಳುವುದಲ್ಲ. ಜಿಲ್ಲೆಯ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು 4,500 ಹೆಕ್ಟೇರಿಗೂ ಹೆಚ್ಚು ವಿಸ್ತಾರದಲ್ಲಿವೆ. ಗೇರು ಪೋರ್ಚುಗೀಸರೊಡನೆ ಬ್ರೆಜಿಲಿನಿಂದ ಬಂದ ಮರ. ಒಂದು ತಲೆಮಾರಿನ ಹಿಂದೆ ಸಾಲಾಗಿ ನೆಟ್ಟ ಆ ಮರಗಳು ಬೆಳೆದು ಹರಡಿ ಇಂದಿನ ಮಗುವಿನ ಕಣ್ಣಿಗೆ ಕಾಡಾಗಿಯೇ ತೋರುತ್ತವೆ. 1970ರ ದಶಕದ ಕೊನೆಯಿಂದ 2000ದವರೆಗೆ ಈ ತೋಟಗಳ ಮೇಲೆ ಚಹಾ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟ ಗುಡ್ಡದ ನೆತ್ತಿಯಲ್ಲಿ. ಮನೆ, ಶಾಲೆ, ತೋಡು, ಗದ್ದೆ ಕಣಿವೆಯಲ್ಲಿ. ಬಾವಿಯ ಬಾಯಿಗೆ ಏನನ್ನಾದರೂ ಮುಚ್ಚಬಹುದು. ಸುರಂಗಕ್ಕೆ ಮುಚ್ಚಳವಿಲ್ಲ. ಅದರ ನೀರು ಬರುವುದೇ ನೆತ್ತಿಯ ಮೇಲೆ ಬಿದ್ದ ಮಳೆಯಿಂದ, ರಂಧ್ರಗಳಿಂದ ತುಂಬಿದ ಮುರಕಲ್ಲಿನೊಳಗೆ ಇಳಿದು. ಕಲ್ಲಿನ ಪಾಠ, ಸುರಂಗದ ಪಾಠ, ಗೇರಿನ ಪಾಠ ಒಂದೇ ಪಾಠ ಎಂಬುದನ್ನು ಇದಕ್ಕಿಂತ ಕ್ರೂರವಾಗಿ ತೋರಿಸುವ ಉದಾಹರಣೆ ಬೇರೊಂದಿಲ್ಲ.

ಮುಂದಿನದು ಸಾರ್ವಜನಿಕ ದಾಖಲೆಯಲ್ಲಿರುವ ಸಂಗತಿ. ಕರುಗಳು ಅಂಗ ಊನವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆಯವರು 1979ರಷ್ಟು ಹಿಂದೆಯೇ ವರದಿ ಮಾಡಿದರು. ಜೇನು, ಮೀನು, ಕಪ್ಪೆಗಳು ಸಾಯುತ್ತಿದ್ದುದರ ಮಾತು ಆಮೇಲೆ ಬಂತು. ಊರಿನ ವೈದ್ಯರು ರೋಗಿಗಳ ಪಟ್ಟಿಯಲ್ಲಿ ಅಸಹಜವಾದುದನ್ನು ಗುರುತಿಸಿದರು. ಸಿಂಪರಣೆ ನಿಂತದ್ದು ಜನರು ನ್ಯಾಯಾಲಯದ ಮೆಟ್ಟಿಲು ಹತ್ತಿದ ಕಾಲಕ್ಕೆ. ದೇಶವ್ಯಾಪಿ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯ ವಿಧಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು 2017ರಲ್ಲಿ. ಈ ನಡುವೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ತೋಟದ ಬುಡದ ಹಳ್ಳಿಯ 117 ಶಾಲಾ ಹುಡುಗರನ್ನು, ಸಿಂಪರಣೆ ನಡೆಯದ ಊರಿನ 90 ಹುಡುಗರೊಡನೆ ಹೋಲಿಸಿ ಪರೀಕ್ಷಿಸಿದರು. ವಿಷಕ್ಕೆ ಒಡ್ಡಿಕೊಂಡ ಹುಡುಗರಲ್ಲಿ ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗಿರಬಹುದೆಂದು 2003ರಲ್ಲಿ ಪ್ರಕಟವಾದ ಅವರ ಪ್ರಬಂಧ ಸೂಚಿಸಿತು. ಅದರ ವಿಧಾನವನ್ನು ಪ್ರಶ್ನಿಸಿದವರೂ ಇದ್ದರು. ಇಲ್ಲಿ ಗಮನಿಸಬೇಕಾದದ್ದು ಬೇರೆಯೇ ಒಂದು ವಿಷಯ. ತಮ್ಮ ಊರಿನ ಉದ್ಯಮದ ಚರಿತ್ರೆಯೊಳಗೆ ಶಾಲೆಯ ಮಕ್ಕಳು ಮೊದಲು ಪ್ರವೇಶ ಪಡೆದದ್ದು ವಿದ್ಯಾರ್ಥಿಗಳಾಗಿ ಅಲ್ಲ, ಅಳೆಯಬೇಕಾದ ಮಾದರಿಗಳಾಗಿ. ಅವರ ರಕ್ತ ಪ್ರಯೋಗಾಲಯಕ್ಕೆ ಹೋಯಿತು. ಆ ರಕ್ತದಲ್ಲಿ ಏನು ಹುಡುಕಿದರು, ಹೋಲಿಕೆಗೆ ಬೇರೆ ಊರಿನವರೇಕೆ ಬೇಕಾಯಿತು, ಸಂಖ್ಯೆ 117 ಸಾಕೇ ಸಾಲದೇ ಎಂಬ ಪ್ರಶ್ನೆಗಳು ತರಗತಿಗೆ ಬರಲಿಲ್ಲ. ವಿಜ್ಞಾನದ ವಿಧಾನವನ್ನು ಕಲಿಸಲು ಅದಕ್ಕಿಂತ ಹತ್ತಿರದ ಪಠ್ಯ ಯಾವ ಶಾಲೆಗೆ ಸಿಕ್ಕೀತು?

ಈ ಗುಡ್ಡಕ್ಕೆ ಮಕ್ಕಳನ್ನು ಕರೆದೊಯ್ಯುವುದು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು. ಸಂತ್ರಸ್ತ ಮಗುವಿನ ಅಣ್ಣನೋ ತಂಗಿಯೋ ಅದೇ ತರಗತಿಯಲ್ಲಿರುತ್ತಾರೆ. ಎಂಡೋಸಲ್ಫಾನಿನ ಬಗ್ಗೆ ಬಂದ ಚಿತ್ರಗಳು ಮತ್ತು ಬರಹಗಳಲ್ಲಿ ದೊಡ್ಡ ಪಾಲು ಊನಗೊಂಡ ದೇಹವನ್ನು ತೋರಿಸಿ ಮರುಕ ಹುಟ್ಟಿಸುವಂಥವು. ಹೋರಾಟಕ್ಕೆ ಆ ಚಿತ್ರಗಳು ಬೇಕಾಗಿದ್ದವು, ನಿಜ. ಶಾಲೆಗೆ ಅವು ಬೇಡ. ಸಹಪಾಠಿಯ ಮನೆಗೆ ಸಾಲಾಗಿ ಹೋಗಿ ಮಲಗಿರುವ ಮಗುವನ್ನು ನೋಡಿ ಬರುವುದು ಪಾಠವಲ್ಲ, ಅವಮಾನ. ಮರುಕ ಹುಟ್ಟಿದೊಡನೆ ಪ್ರಶ್ನೆ ಸಾಯುತ್ತದೆ. ಪ್ರಶ್ನಿಸಬೇಕಾದದ್ದು ತೋಟದ ಹಾಳೆಯನ್ನು: ಗುಡ್ಡವನ್ನು ಕಂದಾಯದ ಕಡತ ಬಂಜರು ಎಂದು ಕರೆದದ್ದೇಕೆ, ಒಂದೇ ಮರವನ್ನು ಅಷ್ಟು ದೊಡ್ಡ ಹರವಿನಲ್ಲಿ ನೆಟ್ಟರೆ ಒಂದೇ ಕೀಟ ಹೆಚ್ಚುವುದೇಕೆ, ಔಷಧಿ ಹೊಡೆಯುವ ಆಳಿಗಿಂತ ಹೆಲಿಕಾಪ್ಟರ್ ಅಗ್ಗವಾಗಿ ಕಂಡದ್ದು ಯಾರ ಲೆಕ್ಕದಲ್ಲಿ, ಸಿಂಪರಣೆಗೆ ಗಾಳಿಯ ದಿಕ್ಕು ಯಾರು ನೋಡಿದರು? ಇವು ಮಗುವಿಗೆ ಕೇಳಲು ಬರುವ ಪ್ರಶ್ನೆಗಳು. ಉತ್ತರದ ಕೆಲವು ತುಣುಕುಗಳು ತೋಟದಲ್ಲಿ ಕೂಲಿಗೆ ಹೋದ ಅಜ್ಜಿಯ ಬಳಿಯೇ ಇವೆ. ತೋಟ ಕೆಲವರಿಗೆ ಅನ್ನ ಕೊಟ್ಟಿತು ಎಂಬುದನ್ನೂ ಆ ಅಜ್ಜಿ ಹೇಳುವಳು. ಅದನ್ನು ಮುಚ್ಚಿಟ್ಟು ಪಾಠ ಮಾಡಿದರೆ ಅದೂ ಒಂದು ಬಗೆಯ ಸುಳ್ಳಾಗುತ್ತದೆ.

ಬಂಜರು ಎಂಬ ಆ ಶಬ್ದದ ಮೇಲೆ ಸ್ವಲ್ಪ ನಿಲ್ಲಬೇಕು. ಗುಡ್ಡದ ನೆತ್ತಿಯ ಚಪ್ಪಟೆ ಬಯಲಿಗೆ ಈ ನಾಡಿನವರು ಪದವು ಎನ್ನುತ್ತಾರೆ. ಮೀಯಪದವಿನಂಥ ಊರ ಹೆಸರುಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ಪದವಿನ ತಗ್ಗಿನಲ್ಲಿ ಮಳೆಗಾಲಕ್ಕೆ ತುಂಬುವ ನೀರು ಪಳ್ಳ. ಸುತ್ತ ಮಣ್ಣೇ ಇಲ್ಲವೆನ್ನುವಷ್ಟು ತೆಳುವಾದ ಹೊದಿಕೆಯಲ್ಲಿ ಆಟಿ, ಸೋಣ ತಿಂಗಳುಗಳಲ್ಲಿ ಬೆರಳುದ್ದದ ಗಿಡಗಳು ನೀಲಿ, ಬಿಳಿ ಹೂಗಳನ್ನು ಹಾಸುತ್ತವೆ. ಅವುಗಳಲ್ಲಿ ಕೆಲವು ಪೋಷಕಾಂಶವಿಲ್ಲದ ನೆಲದಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ಬದುಕುವ ಕೀಟಾಹಾರಿ ಸಸ್ಯಗಳು. ನವೆಂಬರಿನಲ್ಲಿ ಅದೇ ನೆಲ ಸುಟ್ಟ ಹಂಚಿನಂತೆ ಕಾಣುತ್ತದೆ. ಬೇಸಿಗೆಯಲ್ಲಿ ಬಂದು ನೋಡಿದ ಅಧಿಕಾರಿಗೆ ಅದು ಬಂಜರಾಗಿ ತೋರಿದ್ದರಲ್ಲಿ ಅಚ್ಚರಿಯಿಲ್ಲ. ಒಂದು ಋತುವಿನ ನೋಟ ಕಡತವಾಗಿ, ಕಡತ ತೋಟವಾಗಿ, ತೋಟ ಸಿಂಪರಣೆಯಾದ ಕ್ರಮವನ್ನು ತಿಳಿಯಲು ಪದವಿಗೆ ವರ್ಷಕ್ಕೊಮ್ಮೆ ಹೋದರೆ ಸಾಲದು, ಎರಡು ಬಾರಿ ಹೋಗಬೇಕು.

ಹಂಚು ಮತ್ತು ಬೀಡಿಯ ಸಂಗತಿ ಇಷ್ಟು ಭಾರದ್ದಲ್ಲ. ಮೊದಲ ಹೆಜ್ಜೆಗೆ ಅವೇ ಅನುಕೂಲ. ಹಳೆಯ ಶಾಲಾ ಕಟ್ಟಡಗಳ ಮಾಡಿನಿಂದ ಬಿದ್ದ ಹಂಚನ್ನು ಮಗುಚಿದರೆ ಅದರ ಮೇಲೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪಿನಲ್ಲಿ ತೊಡಗಿದ ಹಂಚಿನ ಕೈಗಾರಿಕೆ ನದಿದಂಡೆಯ ಆವೆಮಣ್ಣನ್ನೂ ಕಾಡಿನ ಸೌದೆಯನ್ನೂ ಉಂಡು ಬೆಳೆಯಿತು. 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಮುಳಿಹುಲ್ಲಿನ ಮಾಡನ್ನು ಅದು ಮೆಲ್ಲಗೆ ಕೆಳಗಿಳಿಸಿತು. ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿತ್ತು ಎಂಬುದನ್ನು ಭೂಪಟದಲ್ಲಿ ತೋರಿಸುವುದಕ್ಕಿಂತ ಹಂಚಿನ ಮೇಲೆ ಓದಿಸುವುದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಬೀಡಿಯದಂತೂ ಮನೆಯೊಳಗಿನ ಕಾರ್ಖಾನೆ. ಎಲೆ ಮಧ್ಯಭಾರತದ ಕಾಡಿನದು, ಹೊಗೆಸೊಪ್ಪು ಇನ್ನೆಲ್ಲಿಯದೋ, ಕಟ್ಟುವ ಕೈ ಮಾತ್ರ ಇಲ್ಲಿಯದು. 1966ರ ಬೀಡಿ ಕಾರ್ಮಿಕರ ಕಾನೂನಿನ ಬೆನ್ನಿಗೆ ಮಂಗಳೂರು ಮೂಲದ ದೊಡ್ಡ ಸಂಸ್ಥೆಯೊಂದು ಕಣ್ಣೂರು ಸೀಮೆಯ ಶಾಖೆಗಳನ್ನು ಮುಚ್ಚಿದಾಗ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅದರಿಂದ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ತಾಯಿ ಮೊರದಲ್ಲಿ ಎಲೆ ಇಟ್ಟುಕೊಂಡು ಕುಳಿತಿದ್ದ ಜಗಲಿಯೇ ಈ ಚರಿತ್ರೆಯ ಸ್ಥಳ. ಅಲ್ಲಿಗೆ ಹೋಗಲು ಬಸ್ಸು ಬೇಕಿಲ್ಲ.

ಕಣ್ಣೆದುರಿನ ಇಷ್ಟೆಲ್ಲ ಶಾಲೆಗೆ ಕಾಣದಿರುವುದಕ್ಕೆ ಭಾಷೆಯೂ ಕಾರಣ. ಕೇರಳದ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಬರುವುದು ಇಡೀ ರಾಜ್ಯಕ್ಕೆ ಒಂದೇ ಆಗಿ ರೂಪುಗೊಂಡ ಪಠ್ಯದ ಕನ್ನಡ ಅವತರಣಿಕೆ. ರಾಜ್ಯಕ್ಕೊಂದು ಪಠ್ಯ ಬರೆಯುವವರು ಒಂದು ಜಿಲ್ಲೆಯ ಉತ್ತರ ಭಾಗದ ಸುರಂಗವನ್ನು ಸೇರಿಸಲಿಲ್ಲವೆಂದು ದೂರುವುದು ಅಷ್ಟು ನ್ಯಾಯವಲ್ಲ. ಆದರೆ ಅನುವಾದವೆಂಬ ಕ್ರಿಯೆ ಒಂದು ಅಭ್ಯಾಸವನ್ನು ಬೆಳೆಸುತ್ತದೆ. ಶಬ್ದ ಮೇಲಿನಿಂದ ಬರಬೇಕು, ಮಗು ಅದನ್ನು ವಸ್ತುವಿಗೆ ಅಂಟಿಸಬೇಕು. ವಸ್ತುವಿನ ಹತ್ತಿರ ಹೋಗಿ ಶಬ್ದವನ್ನು ಎತ್ತಿಕೊಂಡು ಬರುವ ದಾರಿ ಮುಚ್ಚಿಹೋಗುತ್ತದೆ. ಈ ಮಕ್ಕಳ ಮನೆಮಾತು ತುಳು, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಹೀಗೆ ಹತ್ತು ಬಗೆಯದು. ಶಾಲೆಯ ಕನ್ನಡ ಅವರೆಲ್ಲರ ನಡುವಿನ ಸೇತುವೆ. ಪದವು, ಪಳ್ಳ, ದಂಬೆ, ತೋಡು, ಒರತೆ, ಮದಕ ಎಂಬ ಶಬ್ದಗಳು ಆ ಸೇತುವೆಯ ಮೇಲೆ ನಡೆದು ಬರಬೇಕಾದವು. ಅವನ್ನು ಗ್ರಾಮ್ಯವೆಂದು ತಿದ್ದಿ ಪ್ರಸ್ಥಭೂಮಿ, ಜಲಾಶಯ, ಕೊಳವೆ ಎಂದು ಬರೆಸುವ ಕೆಂಪು ಶಾಯಿ ಪರರಾಜ್ಯದ್ದಲ್ಲ, ಕನ್ನಡದ್ದೇ.

ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕನ್ನಡ ಅರಿಯದ ಅಧ್ಯಾಪಕರ ನೇಮಕವಾಗುವುದರ ವಿರುದ್ಧ ಕಾಸರಗೋಡಿನ ಪಾಲಕರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳಿರುವಾಗ ಆ ಪ್ರತಿಭಟನೆ ಅಗತ್ಯವೂ ನ್ಯಾಯವೂ ಆಗಿದೆ. ಆದರೂ ಹೋರಾಟದ ಭಾಷೆಯಲ್ಲಿ ಕನ್ನಡವೆಂದರೆ ಪಠ್ಯ, ಪರೀಕ್ಷೆ, ಹುದ್ದೆ ಎಂಬಷ್ಟಕ್ಕೆ ಸೀಮಿತವಾಗುವ ಸಾಧ್ಯತೆಯಿದೆ. ಕನ್ನಡ ಬಲ್ಲ ಅಧ್ಯಾಪಕನಿಗೂ ಗುಡ್ಡ ಹತ್ತುವ ಮನಸ್ಸಿಲ್ಲದಿದ್ದರೆ, ಊರಿನ ಕನ್ನಡದ ಅತ್ಯಂತ ಗಟ್ಟಿಯಾದ ಭಾಗ, ಅಂದರೆ ಕೆಲಸದ ಕನ್ನಡ, ತರಗತಿಯ ಹೊರಗೇ ಉಳಿಯುತ್ತದೆ. ಮಲಯಾಳ ಮಾಧ್ಯಮದ ಮಕ್ಕಳಿಗೆ ಆ ಗುಡ್ಡದ ಚರಿತ್ರೆ ಕಾದಂಬರಿಯಾಗಿಯಾದರೂ ದೊರೆತಿದೆ; ಅಂಬಿಕಾಸುತನ್ ಮಾಂಙಾಡರ ‘ಎಣ್ಮಕಜೆ’ 2009ರಲ್ಲಿಯೇ ಬಂತು. ಕನ್ನಡ ಹೆಸರಿನ ಕನ್ನಡದ ಊರೊಂದು ಮೊದಲು ಮಲಯಾಳ ಕಾದಂಬರಿಯ ಶೀರ್ಷಿಕೆಯಾದುದು ಆ ಲೇಖಕರ ಹೆಗ್ಗಳಿಕೆ. ಕನ್ನಡದ ಸೃಜನಶೀಲ ಬರಹಕ್ಕೆ ಅದು ಒಂದು ಪ್ರಶ್ನೆ.

ಕನ್ನಡದಲ್ಲಿ ಏನೂ ಆಗಿಲ್ಲವೆಂದು ಇದರ ಅರ್ಥವಲ್ಲ. ಆದದ್ದು ಬೇರೆ ಕಡೆ ಆಯಿತು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಡಬೇಕೆಂಬ ಹಟದಿಂದ ನಡೆಯಿತು. ಕೆಲಸ ಮಾಡುವವರೇ ಕೆಲಸದ ಬಗ್ಗೆ ಬರೆಯುವ, ಅಳತೆ, ಖರ್ಚು, ಸೋಲು ಎಲ್ಲವನ್ನೂ ಒಳಗೊಂಡ ಗದ್ಯವೊಂದು ಅದರಲ್ಲಿ ರೂಪುಗೊಂಡಿತು. ಸುರಂಗ, ಮದಕ, ಮಳೆನೀರಿನ ಇಂಗಿಸುವಿಕೆ ಕುರಿತು ಕನ್ನಡಕ್ಕೆ ಇಂದು ಏನಾದರೂ ಭರವಸೆಯ ದಾಖಲೆ ಇದ್ದರೆ ಅದು ಬಹುಮಟ್ಟಿಗೆ ಈ ವಲಯದ ಬರಹಗಳಿಂದ. ಶಾಲೆಯ ಪ್ರಬಂಧದ ಭಾಷೆ ಇದರಿಂದ ಏನನ್ನೂ ಪಡೆದಂತೆ ಕಾಣುವುದಿಲ್ಲ. ‘ನಾವು ನೋಡಿದ ಸ್ಥಳ’ ಎಂಬ ವಿಷಯಕ್ಕೆ ಇಂದಿಗೂ ಮಕ್ಕಳು ಬರೆಯುವುದು ಕಣ್ಮನ ತಣಿಸುವ ಹಸಿರಿನ ಬಗ್ಗೆ, ಮರೆಯಲಾಗದ ಅನುಭವದ ಬಗ್ಗೆ. ಎಷ್ಟು ದೂರ ನಡೆದೆವು, ಯಾರನ್ನು ಕೇಳಿದೆವು, ಅವರು ಏನೆಂದರು, ಯಾವುದು ಗೊತ್ತಾಗಲಿಲ್ಲ ಎಂಬುದು ಆ ಗದ್ಯದಲ್ಲಿ ಹಿಡಿಸುವುದಿಲ್ಲ.

ಸಮಯವಿಲ್ಲ, ಪಠ್ಯ ಮುಗಿಯುವುದಿಲ್ಲ, ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ ಎಂಬ ಅಧ್ಯಾಪಕರ ಮಾತು ನೆಪವಲ್ಲ. ಸುರಂಗದೊಳಗೆ ಮಕ್ಕಳನ್ನು ಕಳುಹಿಸಬಾರದು. ಗಾಳಿ ಕಡಿಮೆ, ಹಾವು, ಬಾವಲಿ, ಕುಸಿತ ಎಲ್ಲದರ ಭಯವಿದೆ. ತೊರೆದುಹೋದ ಕಲ್ಲುಕೋರೆಯ ನೀರೂ ಅಷ್ಟೇ ಅಪಾಯದ್ದು. ಆದರೆ ಪಾಠಕ್ಕೆ ಸುರಂಗದ ಬಾಯಿ ಸಾಕು. ದಂಬೆಯೋ ಪೈಪೋ ನೀರು ಸುರಿಸುವ ಜಾಗದಲ್ಲಿ ಒಂದು ಕೊಡ, ಒಂದು ಗಡಿಯಾರ. ಕೊಡ ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಆಟಿಯಲ್ಲಿ ಒಮ್ಮೆ, ಮಳೆ ಬರುವ ಮುನ್ನ ಬೇಸದಲ್ಲಿ ಒಮ್ಮೆ ಐದನೆಯ ತರಗತಿಯವರು ಅಳೆದು ಬರೆದಿಡಬಹುದು. ಬೇಸಕ್ಕೆ ಶಾಲೆಗೆ ರಜೆ ಇರುವುದರಿಂದ ಆ ಅಳತೆ ಸುರಂಗದ ಮನೆಯ ಮಗುವಿನ ಪಾಲು. ಮುಂದಿನ ವರ್ಷ ಅದೇ ಪುಸ್ತಕದಲ್ಲಿ ಅದೇ ಸುರಂಗದ ಕೆಳಗೆ ಇನ್ನೊಂದು ತಂಡದ ಸಾಲು. ಪಕ್ಕದಲ್ಲಿ, ಗುಡ್ಡದ ಮೇಲೆ ಆ ವರ್ಷ ಏನಾಯಿತೆಂಬ ಒಂದು ಕಲಮು: ಗೇರು ಕಡಿದು ರಬ್ಬರು ಹಾಕಿದರು, ಹೊಸ ಕೋರೆ ತೆರೆಯಿತು, ಮೇಲಿನ ಮನೆಯವರು ಬೋರ್‌ವೆಲ್ ತೋಡಿಸಿದರು. ಹತ್ತು ವರ್ಷ ಇಂಥದೊಂದು ಪುಸ್ತಕ ಇಟ್ಟ ಶಾಲೆಯ ಬಳಿ ಯಾವ ಇಲಾಖೆಯ ಬಳಿಯೂ ಇಲ್ಲದ ದಾಖಲೆ ಇರುತ್ತದೆ, ಅದೂ ಕನ್ನಡದಲ್ಲಿ. ಅದಕ್ಕೆ ಬೇಕಾದದ್ದು ಇನ್ನೂರು ಪುಟದ ಒಂದು ಗೀಟುಪುಸ್ತಕ, ಹಾಗೂ ವರ್ಗಾವಣೆಯಾಗಿ ಹೋಗುವಾಗ ಅದನ್ನು ಮುಂದಿನವರ ಕೈಗೆ ಕೊಟ್ಟು ಹೋಗುವ ಒಬ್ಬ ಅಧ್ಯಾಪಕರು.